ಓಡುತ್ತಿರುವ ಸೈಕಲ್ಲಿಗೆ ಹಾರ ಹಾಕಬೇಡಿ

ಮಂಡ್ಯದ ಕಾಲೇಜೊಂದರಿಂದ ಫೋನು ಬಂದಿತ್ತು. ಸೈಕ್ಲಿಂಗಿಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಬೇಕಂತೆ. 'ಸ್ಫೂರ್ತಿ ಕೊಡೋ ಹಾಗಿರಲಿ ಮೇಡಂ. ಕ್ಯಾನ್ಸರ್ ಗೆದ್ದಿದ್ದು ಮೊದಲು ಬರಲಿ. ಸೈಕಲ್ ವಿಷಯ ಕೊನೇಲಿ ಎರಡು ಸಾಲಿದ್ದರೂ ಸಾಕು' ಎಂದರು. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ಮನೆಯಲ್ಲಿದ್ದವರ ಮೇಲೆಲ್ಲ ರೇಗಾಡಿದೆ.

ನಾನು ಹದಿಮೂರು ವರ್ಷ ರಸ್ತೆಯ ಮೇಲೆ ಪಂದ್ಯದ ಸೈಕಲ್ ತುಳಿದವಳು. ನಾಲ್ಕು ಸಲ ರಾಜ್ಯಕ್ಕೇ ಮೊದಲು ಬಂದವಳು. ಆಮೇಲೆ ಬೆಳಗಿನ ಹೊತ್ತು ಹುಡುಗಿಯರಿಗೆ ಸೈಕಲ್ ಹೇಳಿಕೊಟ್ಟು, ಹಗಲೆಲ್ಲ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಂಡು, ಹೋದ ವರ್ಷ ಎರಡರಿಂದಲೂ ಬಿಡುಗಡೆಯಾಗಿ ಮನೆಯಲ್ಲಿದ್ದೇನೆ. ಕಾಯಿಲೆ ನನ್ನ ಮೈಯಲ್ಲಿ ಇದ್ದದ್ದು ಒಂದೂವರೆ ವರ್ಷ. ಅದು ನನ್ನ ಹೆಸರಿನ ಮುಂದೆ ಇನಿಷಿಯಲ್ಲಿನ ಹಾಗೆ ಅಂಟಿಕೊಂಡು ಕೂತುಬಿಟ್ಟಿದೆ. ಯಾವ ವೇದಿಕೆ ಹತ್ತಿದರೂ 'ಕ್ಯಾನ್ಸರ್ ಗೆದ್ದ ಸುಶೀಲಾ'. ನಾನು ಗೆದ್ದದ್ದು ಸೈಕಲ್ ಪಂದ್ಯಗಳನ್ನು. ಕ್ಯಾನ್ಸರಿಗೆ ಡಾಕ್ಟರು ಔಷಧಿ ಕೊಟ್ಟರು, ಅದು ಹೋಯಿತು. ಆಗ ನಾನು ಮಲಗಿದ್ದೆ, ಅಷ್ಟೆ.

ಹಾಗಾಗಿ ಇದನ್ನು ನನಗೆ ತೋಚಿದಂತೆ ಬರೆಯುತ್ತೇನೆ. ಕಾಲೇಜಿನವರು ಅಚ್ಚು ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಮೊದಲು ನಿಮಗೆ ತಿಳಿಯಬೇಕಾದದ್ದು ಕುಂಡಿಯ ಹುಣ್ಣು. ಈ ಮಾತನ್ನು ಕಾಲೇಜಿನವರು ಹೊಡೆದುಹಾಕುತ್ತಾರೆಂದು ಗೊತ್ತು, ಆದರೂ ಬರೆದಿದ್ದೇನೆ. ದಿನಕ್ಕೆ ನಾಲ್ಕು ಗಂಟೆ ಆ ಬೆರಳಗಲದ ಸೀಟಿನ ಮೇಲೆ ಕೂತರೆ ಚರ್ಮ ಕಿತ್ತು ಬರುತ್ತದೆ. ಕಚೇರಿಯಲ್ಲಿ ಕುರ್ಚಿ ಇದ್ದರೂ ನಿಂತೇ ಟಪಾಲು ವಿಂಗಡಿಸುತ್ತಿದ್ದೆ. ನೋಡಿದವರು 'ಎಷ್ಟು ಚುರುಕು' ಎಂದು ಹೊಗಳುತ್ತಿದ್ದರು. ಹದಿಮೂರು ವರ್ಷದಲ್ಲಿ ಒಬ್ಬ ವರದಿಗಾರನೂ ಈ ವಿಷಯ ಕೇಳಲಿಲ್ಲ.

ಎರಡನೆಯದು ಗಾಳಿ. ನಮ್ಮ ಆಟದಲ್ಲಿ ಎದುರಾಳಿಗಿಂತ ದೊಡ್ಡ ವೈರಿ ಗಾಳಿಯೇ. ಮುಂದಿರುವವಳು ಗಾಳಿಯನ್ನು ಸೀಳಿಕೊಂಡು ಹೋಗುತ್ತಾಳೆ. ಅವಳ ಚಕ್ರಕ್ಕೆ ಗೇಣಷ್ಟು ಹಿಂದೆ ಮರೆಯಲ್ಲಿರುವವಳಿಗೆ ಅರ್ಧ ಶ್ರಮ ಉಳಿಯುತ್ತದೆ. ಅದಕ್ಕೇ ಸರದಿಯ ಮೇಲೆ ಮುಂದೆ ಬರುವ ಪದ್ಧತಿ. ಸರದಿ ಬಂದಾಗ ಮುಂದೆ ಹೋಗದೆ ಹಿಂದೆಯೇ ಕೂತು, ಕೊನೆಯ ಇನ್ನೂರು ಗಜದಲ್ಲಿ ಎದ್ದು ಬಂದು ಗೆಲ್ಲುವವರೂ ಇದ್ದಾರೆ. ಅದು ಮೋಸವಲ್ಲ. ಸೋತಾಗ ನನಗೂ ಮೋಸ ಎನಿಸುತ್ತಿತ್ತು, ಗೆದ್ದಾಗ ಜಾಣತನ ಎನಿಸುತ್ತಿತ್ತು.

ಇನ್ನು ರಸ್ತೆ. ಬೇರೆ ಊರಿನವರು ಸಿನಿಮಾದಲ್ಲಿ ತೋರಿಸುವಂಥ ನುಣುಪು ರಸ್ತೆಯ ಮೇಲೆ ಅಭ್ಯಾಸ ಮಾಡಿರಬಹುದು. ನಮ್ಮ ಮದ್ದೂರು ಮಳವಳ್ಳಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಉದುರಿಸಿದ ಸೋಗೆ, ಪ್ರತಿ ಊರಿನವರು ತಮಗಿಷ್ಟ ಬಂದಲ್ಲಿ ಎಬ್ಬಿಸಿದ ಉಬ್ಬು, ಸುಗ್ಗಿ ಬಂದರೆ ಒಕ್ಕಣೆ. ಕಣ ಮಾಡುವ ಗೋಜು ಯಾರಿಗೆ ಬೇಕು? ರಾಗಿ, ಹುರುಳಿ ಎಲ್ಲವನ್ನೂ ತಂದು ಟಾರಿನ ಮೇಲೆ ಹರಡಿಬಿಡುತ್ತಾರೆ, ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಎಂದು. ಒಂದು ಸಲ ತಿರುವಿನಲ್ಲಿ ಹುರುಳಿಯ ಮೇಲೆ ಜಾರಿ ಬಿದ್ದು ಮಂಡಿ, ಮೊಣಕೈ ಎರಡೂ ಕಿತ್ತುಹೋದವು. ಹುರುಳಿಯ ಒಡತಿ ಮೊರ ಹಿಡಿದುಕೊಂಡೇ ಓಡಿಬಂದಳು. ಎತ್ತುತ್ತಾಳೆ ಎಂದುಕೊಂಡೆ.

'ಕಣ್ ಕಾಣಕ್ಕಿಲ್ವಾ ನಿಂಗೆ? ಬಸ್ಸು ಓಗ್ಲಿ ಅಂತ ಆಸಿದ್ರೆ ಸೈಕಲ್ ತಂದವ್ಳೆ! ನಿನ್ ಸೈಕಲ್ ತೂಕಕ್ಕೆ ಒಂದ್ ಕಾಳಾದ್ರೂ ಉದುರ್ತದಾ?' ಎಂದಳು.

ರಕ್ತ ಸುರಿಯುತ್ತಿದ್ದ ಮಂಡಿಯನ್ನು ತೋರಿಸಿದೆ. 'ಅಯ್ಯೋ, ಹುರುಳಿಗೆಲ್ಲ ಅತ್ತಿಸ್ಬೇಡ ಕಣವ್ವ, ಆ ಕಡೀಕ್ ಸರ್ಕೋ' ಎಂದಳು. ಸರಿದುಕೊಂಡೆ. ಆಮೇಲೆ ಚೊಂಬಿನಲ್ಲಿ ನೀರು ತಂದುಕೊಟ್ಟಳು ಅನ್ನಿ.

ನನಗೆ ಸೈಕಲ್ ಕಲಿಸಿದವರು ಚಿಕ್ಕಣ್ಣ ಮೇಷ್ಟ್ರು. ಮದ್ದೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಅವರು ಸೈಕಲ್ ಪಂದ್ಯ ಆಡಿದವರಲ್ಲ, ಹಳೆಯ ಪುಸ್ತಕವೊಂದನ್ನು ಓದಿ ನಮ್ಮನ್ನು ತಯಾರು ಮಾಡಿದವರು. ಮೊಪೆಡ್ಡಿನಲ್ಲಿ ಹಿಂದೆ ಬರುತ್ತ ಬೈಯುವುದು ಅವರ ತರಬೇತಿ. ಮದ್ದೂರು ಬಿಟ್ಟರೆ ಮಳವಳ್ಳಿ ಮುಟ್ಟುವವರೆಗೆ ನೀರು ಕುಡಿಯುವಂತಿಲ್ಲ. ನೀರಿನ ಬಾಟಲು ಅವರ ಮೊಪೆಡ್ಡಿನಲ್ಲೇ ಇರುತ್ತಿತ್ತು, ಕೇಳಿದರೆ 'ಒಂಟೆ ಕುಡೀತದಾ?' ಎನ್ನುತ್ತಿದ್ದರು. ಈಗ ಯಾರಾದರೂ ಹಾಗೆ ಮಾಡಿದರೆ ನಾನೇ ಅವರ ಮೇಲೆ ದೂರು ಕೊಟ್ಟೇನು. ಆಗ ಅದೇ ಶಾಸ್ತ್ರವಾಗಿತ್ತು.

ಅವರ ಎಲ್ಲ ಶಾಸ್ತ್ರಗಳಿಗೂ ಮಿಗಿಲಾದದ್ದು ತೂಕ. ಏರು ಹತ್ತುವವಳು ಹಗುರಾಗಿರಬೇಕು, ಅದು ನಿಜವೇ. ಆದರೆ ನಮ್ಮನ್ನು ತೂಗಲು ಮೇಷ್ಟ್ರ ಹತ್ತಿರ ತಕ್ಕಡಿ ಇರಲಿಲ್ಲ. ಭಾನುವಾರದ ಭಾನುವಾರ ಅವರ ಪರಿಚಯದ ಸಾಹುಕಾರರ ಬೆಲ್ಲದ ಮಂಡಿಗೆ ಕರೆದುಕೊಂಡು ಹೋಗಿ, ಪಿಂಡಿ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಹಮಾಲಿಗಳ ಮುಂದೆ, ನೊಣಗಳ ನಡುವೆ, ನಾವು ನಾಲ್ಕು ಹುಡುಗಿಯರು ಸರದಿಯಲ್ಲಿ. ಅರ್ಧ ಕೆಜಿ ಇಳಿದಿದ್ದರೆ ಮೇಷ್ಟ್ರು ಕಾಫಿ ಕೊಡಿಸುತ್ತಿದ್ದರು. ಏರಿದ್ದರೆ ಮಂಡ್ಯದವರೆಗೆ ಹೋಗಿ ಬರುವ ಶಿಕ್ಷೆ. ಅಂಗಡಿಯ ಒಳಗೆ ಅಷ್ಟು ಬೆಲ್ಲದ ಮಧ್ಯೆ ನಿಂತು, ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಬರುತ್ತಿದ್ದೆವಲ್ಲ, ಆ ಕಾಲದ ನನ್ನ ಸಾಧನೆಗಳಲ್ಲಿ ಅದೂ ಒಂದು.

ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿದಾಗ ಮೇಷ್ಟ್ರು ಹಿಗ್ಗಿದರು. ನನ್ನ ಕಚೇರಿಯ ಮೇಲಧಿಕಾರಿ ಹಿಗ್ಗಲಿಲ್ಲ. ಮೊದಲ ದಿನವೇ ಕನ್ನಡಕ ಏರಿಸಿ ನೋಡಿದರು.

'ನಾನೂ ಎಸ್ಸೆಸ್ಸೆಲ್ಸಿವರೆಗೆ ದಿನಾ ಆರು ಮೈಲಿ ಸೈಕಲ್ ತುಳಿದಿದ್ದೀನಮ್ಮ. ನನಗ್ಯಾರೂ ಅದಕ್ಕೆ ಕೆಲಸ ಕೊಡಲಿಲ್ಲ.'

'ನೀವು ಯಾರನ್ನಾದರೂ ಹಿಂದೆ ಹಾಕಿದ್ರಾ ಸಾರ್?' ಎಂದೆ. ಅಂದಿನಿಂದ ನಮ್ಮಿಬ್ಬರಿಗೂ ಸರಿಬರಲಿಲ್ಲ. ಇಲಾಖೆಯ ನಿಯಮ ಹೀಗಿತ್ತು: ರಾಜ್ಯ ತಂಡದಲ್ಲಿ ಇರುವವರೆಗೆ ಬೆಳಗಿನ ಹೊತ್ತು ಅಭ್ಯಾಸಕ್ಕೆ ಬಿಡುವು, ಮಧ್ಯಾಹ್ನದ ಮೇಲೆ ಕಚೇರಿ. ಎರಡು ವರ್ಷ ಒಂದೇ ಸಮ ತಂಡದಿಂದ ಹೊರಗುಳಿದರೆ ಬಿಡುವು ರದ್ದು, ಹತ್ತರಿಂದ ಐದೂವರೆವರೆಗೆ ಕುರ್ಚಿ. ದಿನದ ಬಿಸಿಲೆಲ್ಲ ಕಚೇರಿಯಲ್ಲಿ ಕಳೆದರೆ ರಸ್ತೆ ಪಂದ್ಯದ ಸೈಕಲ್ಲು ಮುಗಿದ ಹಾಗೆಯೇ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ನನ್ನ ಅಧಿಕಾರಿಯಂತೂ ಅದನ್ನು ದಿನಾ ನೆನಪಿಟ್ಟುಕೊಂಡಿದ್ದರು.

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕತ್ತಿನ ಎಡಗಡೆ ಒಂದು ಗಂಟು ಬಂತು. ನೋವಿರಲಿಲ್ಲ. ಹ್ಯಾಂಡಲಿನ ಮೇಲೆ ಬಗ್ಗಿ ಕತ್ತೆತ್ತಿ ನೋಡುವವರಿಗೆ ನರ ಗಂಟುಕಟ್ಟುವುದು ಮಾಮೂಲು ಎಂದು ಮೇಷ್ಟ್ರು ತೀರ್ಮಾನಿಸಿದರು. ಅವ್ವ ಹರಳೆಣ್ಣೆ ಕಾಯಿಸಿ ತಿಕ್ಕಿದಳು. ಸಂಜೆಯಾದರೆ ಸಣ್ಣಗೆ ಜ್ವರ, ಮೈಯೆಲ್ಲ ಕಡಿತ. ಬಿಸಿಲಿನ ಉಷ್ಣ ಎಂದು ಮಜ್ಜಿಗೆ ಕುಡಿದೆ. ಮತ್ತೆ ತೂಕ. ಭಾನುವಾರದ ತಕ್ಕಡಿಯಲ್ಲಿ ಒಂದು ಕೆಜಿ ಇಳಿಯಿತು, ಮುಂದಿನ ವಾರ ಇನ್ನೊಂದು, ಅದರ ಮುಂದಿನ ವಾರ ಒಂದೂವರೆ. ಮೇಷ್ಟ್ರಿಗೆ ಆದ ಸಂತೋಷವನ್ನು ಏನು ಹೇಳಲಿ? ಕಾಫಿಯ ಜೊತೆ ಮಸಾಲೆ ದೋಸೆಯೂ ಬಂತು. ಉಳಿದ ಮೂವರಿಗೆ 'ನೋಡಿ ಕಲೀರಿ' ಎಂದರು. ಶಿವನಸಮುದ್ರದ ಕಡೆಯ ಏರನ್ನು ಮೊದಲೆರಡು ವಾರ ನಾನು ಬೇಗ ಹತ್ತಿದ್ದೂ ನಿಜ. ಆಮೇಲೆ ಅದೇ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗತೊಡಗಿದೆ. ಅದಕ್ಕೂ ಮೇಷ್ಟ್ರು ಒಂದು ಕಾರಣ ಹುಡುಕಿದರು, ಗೇರು ಸರಿಯಿಲ್ಲ ಎಂದು ಬಿಚ್ಚಿ ಜೋಡಿಸಿದರು.

ಕೊನೆಗೆ ಕಾಯಿಲೆಯನ್ನು ಕಂಡುಹಿಡಿದವರು ಬೆಲ್ಲದ ಸಾಹುಕಾರರು. ಆರನೆಯ ವಾರ ನಾನು ತಕ್ಕಡಿ ಹತ್ತಿ ಇಳಿದಾಗ ಅವರು ಗದ್ದಿಗೆಯಿಂದ ಎದ್ದು ಬಂದರು.

'ಮೇಷ್ಟ್ರೇ, ಬೆಲ್ಲ ಈ ಪಾಟಿ ತೂಕ ಕಳ್ಕೊಂಡ್ರೆ ನಾವು ಒಳಗೇನೋ ಕೆಟ್ಟದೆ ಅಂತ ಪಿಂಡಿ ಒಡೆದು ನೋಡ್ತೀವಿ. ನೀವೇನ್ರಿ, ಇದ್ಕೆ ಕಾಫಿ ಕುಡುಸ್ತಾ ಕೂತಿದ್ದೀರಿ? ಡಾಕ್ಟರ್‌ಗೆ ತೋರ್ಸಿ, ಓಗಿ' ಎಂದರು.

ಮಂಡ್ಯದಲ್ಲಿ ತೋರಿಸಿದೆವು. ಅವರು ಬೆಂಗಳೂರಿಗೆ ಕಳಿಸಿದರು. ಗಂಟಿನಿಂದ ಚೂರು ತೆಗೆದು ನೋಡಿ ಲಿಂಫೋಮ ಎಂದರು, ದುಗ್ಧಗ್ರಂಥಿಯ ಕ್ಯಾನ್ಸರು. ಮೇಷ್ಟ್ರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಚಿಕ್ಕ ಮಗುವಿನಂತೆ ಅತ್ತರು. 'ತಪ್ಪಾಯ್ತು ಕಣಮ್ಮ, ನಾನು ಮೇಷ್ಟ್ರಲ್ಲ, ಮುಠ್ಠಾಳ' ಎಂದರು. ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಆ ಅಳು ನೋಡಿ ಅದೂ ಹೋಯಿತು. ಹುಡುಗಿಯರೇ, ಈ ಕಥೆಯಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಇದೊಂದೇ: ಕಾರಣವಿಲ್ಲದೆ ತೂಕ ಇಳಿದರೆ, ಮೈಮೇಲೆ ಗಂಟು ಬಂದು ಹೋಗದೇ ಇದ್ದರೆ, ಹರಳೆಣ್ಣೆ ತಿಕ್ಕುತ್ತ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಚಿಕಿತ್ಸೆಯ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಕೂದಲು ಹೋಯಿತು, ಬಾಯಿ ಹುಣ್ಣಾಯಿತು, ವಾಂತಿಯಾಯಿತು. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದೇ ಇದ್ದದ್ದು ನೋಡಲು ಬರುವವರನ್ನು. ಬಂದು, ಕಿತ್ತಳೆ ಹಣ್ಣು ಇಟ್ಟು, ನನ್ನ ತಲೆ ನೋಡಿ, ಅವ್ವನನ್ನು ಬಾಗಿಲ ಹೊರಗೆ ಕರೆದು ತಮ್ಮ ಪೈಕಿ ಇದೇ ಕಾಯಿಲೆಯಲ್ಲಿ ಹೋದವರ ಪಟ್ಟಿ ಒಪ್ಪಿಸುತ್ತಿದ್ದರು. ಬಾಗಿಲು ತೆಳ್ಳಗಿತ್ತು. ಎಲ್ಲ ಕೇಳಿಸುತ್ತಿತ್ತು.

ವಾಸಿಯಾಯಿತು. ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, ಶ್ವಾಸಕೋಶಕ್ಕೂ ತೊಂದರೆಯಿಲ್ಲ, ನಿಧಾನಕ್ಕೆ ಸೈಕಲ್ ಶುರುಮಾಡು ಎಂದರು. ನಿಜವಾದ ತಾಪತ್ರಯ ಶುರುವಾದದ್ದೇ ಆಗ. ಡಾಕ್ಟರನ್ನು ಬಿಟ್ಟು ಬೇರೆ ಯಾರೂ ನಾನು ವಾಸಿಯಾದೆ ಎಂದು ಒಪ್ಪಲು ತಯಾರಿರಲಿಲ್ಲ. ನೀರು ಕೊಡದ ಚಿಕ್ಕಣ್ಣ ಮೇಷ್ಟ್ರು ಈಗ ಮೈಲಿಗೊಂದು ಸಲ ಬಾಟಲು ಚಾಚುತ್ತಿದ್ದರು. 'ಸಾಕು ಬುಡವ್ವ, ಇವತ್ತಿಗೆ ಸಾಕು' ಎನ್ನುತ್ತಿದ್ದರು. ಅವರ ಬೈಗುಳಕ್ಕಾಗಿ ನಾನು ಹಾತೊರೆದೆ ಎಂದರೆ ನಂಬುತ್ತೀರಾ? ಕಚೇರಿಯಲ್ಲಿ ಆ ಮೇಲಧಿಕಾರಿಯೂ ಮೆತ್ತಗಾಗಿ, ನನ್ನ ಮೇಜನ್ನು ಫ್ಯಾನಿನ ಕೆಳಗೆ ಹಾಕಿಸಿ, 'ಇನ್ನು ಇಲ್ಲೇ ಆರಾಮಾಗಿರಮ್ಮ' ಎಂದರು. ಎರಡು ವರ್ಷ ತುಂಬಲು ನಾಲ್ಕೇ ತಿಂಗಳಿತ್ತು.

ಮದ್ದೂರಿನಲ್ಲಿ ಒಂದು ಚಿಕ್ಕ ಪಂದ್ಯವಾಯಿತು, ನಾನು ಗೆದ್ದೆ. ಗೆರೆ ದಾಟುವಾಗ ಪಕ್ಕದವಳ ಕಾಲುಗಳನ್ನು ಗಮನಿಸಿದೆ. ಅವು ತುಳಿಯುತ್ತಲೇ ಇರಲಿಲ್ಲ. ಅವಳು, ಅವಳ ಹಿಂದಿನವರು, ಎಲ್ಲರೂ ಮಾತಾಡಿಕೊಂಡು ನನಗೆ ದಾರಿ ಬಿಟ್ಟಿದ್ದರು. ಮೇಷ್ಟ್ರಿಗೂ ಗೊತ್ತಿತ್ತು. 'ಪಾಪ, ಮಕ್ಕಳು ಪ್ರೀತಿಯಿಂದ ಮಾಡವೆ ಕಣಮ್ಮ' ಎಂದರು. ಪ್ರೀತಿಯೇ, ನಿಜ. ಮನೆಗೆ ಬಂದು ಬಹುಮಾನದ ಹಿತ್ತಾಳೆಯ ತಟ್ಟೆಯನ್ನು ಗೋಡೆಗೆ ಎಸೆದೆ. ಅವ್ವ ಎತ್ತಿಕೊಂಡು ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಿಟ್ಟಳು, ಅಳತೆ ಸರಿಯಾಗಿ ಹೊಂದಿತು.

ಆಯ್ಕೆ ಪಂದ್ಯ ಬಂತು. ಮದ್ದೂರಿನಿಂದ ಹೊರಟು, ಮಳವಳ್ಳಿಯ ಮೇಲೆ ಹಲಗೂರಿಗೆ ಹೋಗಿ, ತಿರುಗಿ ಬಂದು ಮಳವಳ್ಳಿಯಲ್ಲಿ ಮುಗಿಯುವ ದಾರಿ. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ, ಮೊದಲು ಬಂದವಳಿಗೆ ಅದು. ಎರಡನೆಯವಳಿಗೆ ಏನೂ ಇಲ್ಲ. ನನಗೆ ಇದೇ ಕೊನೆಯ ಅವಕಾಶ ಎಂದು ಎಲ್ಲರಿಗೂ ಗೊತ್ತಿತ್ತು. ಮತ್ತೆ ದಾರಿ ಬಿಟ್ಟುಕೊಡುತ್ತಾರೆಂಬ ಭಯಕ್ಕೆ, ಯಾರ ಜೊತೆಗೂ ಮಾತಾಡದೆ, ಹಲಗೂರಿನಲ್ಲಿ ತಿರುಗಿದ ತಕ್ಷಣವೇ ಗುಂಪು ಬಿಟ್ಟು ಒಬ್ಬಳೇ ಮುಂದೆ ಹೋದೆ. ಹಿಂದೆ ಯಾರೋ ಹಲ್ಲು ಕಚ್ಚಿ ಬೆನ್ನಟ್ಟುತ್ತಿದ್ದದ್ದು ಗೊತ್ತಾಗುತ್ತಿತ್ತು. ಆ ಬೆನ್ನಟ್ಟುವಿಕೆ ನನಗೆ ಹಿತವಾಯಿತು. ಒಂದು ಮೈಲಿಯಷ್ಟರಲ್ಲಿ ಅದೂ ಹಿಂದುಳಿಯಿತು. ಕಾಲುಗಳು ಹೇಳಿದ ಹಾಗೆ ಕೇಳುತ್ತಿದ್ದವು. ಎರಡು ವರ್ಷದಲ್ಲಿ ಅಷ್ಟು ಖುಷಿ ನನಗೆ ಆಗಿರಲಿಲ್ಲ.

ನಮ್ಮೂರು ಹಲಗೂರಿಗೂ ಮಳವಳ್ಳಿಗೂ ನಡುವೆ, ರಸ್ತೆಯ ಮೇಲೇ ಇದೆ. ತಿರುವು ದಾಟಿದರೆ, ಹೋಗುವಾಗ ಇಲ್ಲದ ಬಾಳೆಕಂಬಗಳು ರಸ್ತೆಯ ಎರಡೂ ಬದಿಗೆ ಎದ್ದು ನಿಂತಿವೆ. ತಮಟೆ. ಮೈಕು. ರಸ್ತೆಗೆ ಅಡ್ಡಲಾಗಿ ಕೈ ಕೈ ಹಿಡಿದು ಇಡೀ ಊರು. ನಡುವೆ ಹಾರ ಹಿಡಿದುಕೊಂಡು ನನ್ನ ದೊಡ್ಡಪ್ಪ ಕೆಂಪಣ್ಣ, ಪಂಚಾಯ್ತಿ ಮೆಂಬರಾಗಿದ್ದವರು, ಮೂರೂರಿಗೆ ಒಬ್ಬರೇ ಸನ್ಮಾನದ ಯಜಮಾನರು.

ನನ್ನ ಮುಂದೆ ದಾರಿ ಬಿಡಿಸಲು ಪಂದ್ಯದ ಸಮಿತಿಯ ಜೀಪು ಹೋಗುತ್ತಿತ್ತು. ಅದಾದರೂ ಜನರನ್ನು ಸರಿಸಬಾರದೇ? ಅದರಲ್ಲಿದ್ದ ಸಮಿತಿಯ ಕಾರ್ಯದರ್ಶಿ, ಹಾರ ತನಗೇ ಎಂದುಕೊಂಡು, ಜೀಪು ನಿಲ್ಲಿಸಿ, ಅಂಗಿ ಸರಿಮಾಡಿಕೊಂಡು ಇಳಿದರು. ನಾನು ಬ್ರೇಕ್ ಹಿಡಿದೆ. ಹಿಡಿಯದಿದ್ದರೆ ಮುದುಕರು ಮಕ್ಕಳ ಮೇಲೆ ಹೋಗಬೇಕಿತ್ತು.

'ಬುಡಿ! ದಾರಿ ಬುಡಿ ದೊಡ್ಡಪ್ಪ! ಪಂದ್ಯ ನಡೀತಾ ಅದೆ!' ಎಂದು ಕಿರುಚಿದೆ.

'ನಮ್ಮೂರ್ಗೆ ನೀನೇ ಮೊದ್ಲು ಬಂದಿದ್ಯಲ್ಲವ್ವ, ಇನ್ಯಾವ್ ಪಂದ್ಯ?' ಎಂದರು ದೊಡ್ಡಪ್ಪ.

'ಮಳವಳ್ಳಿಗೆ ಓಗ್ಬೇಕು!'

'ಓಗೀವಂತೆ. ಮಳವಳ್ಳಿ ಎಲ್ಲಿಗೂ ಓಡೋಗಕ್ಕಿಲ್ಲ. ಬಗ್ಗು ಮಗಾ.'

ಹಾರ ಬಿತ್ತು. ಶಾಲು ಬಿತ್ತು. ಮೈಸೂರು ಪೇಟ ಹೆಲ್ಮೆಟ್ಟಿನ ಮೇಲೆ ಕೂರಲಿಲ್ಲವೆಂದು ಯಾರೋ ಹೆಲ್ಮೆಟ್ಟನ್ನೇ ಬಿಚ್ಚಿದರು. ಆಗಿನ್ನೂ ಕೂದಲು ಎರಡು ಬೆರಳಷ್ಟೇ ಬೆಳೆದಿತ್ತು. ಹೆಂಗಸರೆಲ್ಲ ಒಟ್ಟಿಗೇ 'ಅಯ್ಯೋ ಕಂದಾ' ಎಂದರು. ಮೈಕಿನಲ್ಲಿ 'ಕ್ಯಾನ್ಸರ್ ಗೆದ್ದು ಬಂದ ನಮ್ಮೂರ ಮಗಳು ಒಂದೆರಡು ಮಾತಾಡಬೇಕಾಗಿ ವಿನಂತಿ' ಎಂದು ಕೂಗಿದರು. ಮೈಕು ನನ್ನ ಬಾಯಿಗೆ ಬಂತು. ನಾನು ಆಡಿದ ಒಂದೆರಡು ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಹಲಗೂರಿನವರೆಗೂ ಕೇಳಿಸಿತಂತೆ.

ಅಷ್ಟರಲ್ಲಿ ಹಿಂದಿನ ಗುಂಪು ಬಂತು. ಆರು ಹುಡುಗಿಯರು. ನನ್ನನ್ನು ನೋಡಿ ಐವರು ಬ್ರೇಕ್ ಹಿಡಿದು, ಒಂದು ಕಾಲು ಊರಿ ನಿಂತರು. ಒಬ್ಬಳಂತೂ ಚಪ್ಪಾಳೆ ಹೊಡೆದಳು. ಆರನೆಯವಳು ನಿಲ್ಲಲಿಲ್ಲ. ಪೂರಿಗಾಲಿಯ ಸವಿತ, ಹತ್ತೊಂಬತ್ತು ವರ್ಷ, ಅದೇ ಅವಳ ಮೊದಲ ದೊಡ್ಡ ಪಂದ್ಯ. ನನ್ನನ್ನು ಹಲಗೂರಿನಿಂದ ಬೆನ್ನಟ್ಟಿದವಳೂ ಅವಳೇ. ತಮಟೆಯವರಿಗೂ ಬಾಳೆಕಂಬಕ್ಕೂ ನಡುವೆ ಇದ್ದ ಮೊಳದಗಲದ ಸಂದಿಯಲ್ಲಿ ಸೈಕಲ್ ನುಗ್ಗಿಸಿ, ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಹೋದಳು. 'ಲೇ, ನಿಲ್ಲೇ!' ಎಂದು ಊರೇ ಕೂಗಿತು. ಅವಳ ಬೆನ್ನು ಕಾಣಿಸಿದ್ದೇ ತಡ, ನನ್ನ ಮೈಗೆ ಜೀವ ಬಂತು. ಪೇಟ ಕಿತ್ತು ಕಾರ್ಯದರ್ಶಿಯ ಕೈಗೆ ಕೊಟ್ಟು, ಹೆಲ್ಮೆಟ್ ಸಿಕ್ಕಿಸಿಕೊಂಡು, ದೊಡ್ಡಪ್ಪನನ್ನೇ ತಳ್ಳಿ ಹೊರಟೆ.

ಹಾರ ಕೊರಳಲ್ಲೇ ಇತ್ತು. ಸುಗಂಧರಾಜದ ದಪ್ಪ ಹಾರ, ನಾರು ಬ್ರೇಕಿನ ತಂತಿಗೆ ಸುತ್ತಿಕೊಂಡಿತ್ತು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಕಿತ್ತು ಕಿತ್ತು ಎಸೆದೆ. ಬಾಯಿಗೆ ಬಂದ ಎಸಳುಗಳನ್ನು ಉಗಿದೆ. ನಮ್ಮೂರನ್ನು, ದೊಡ್ಡಪ್ಪನನ್ನು, ಶಾಲು ನೇಯ್ದವನನ್ನು ಸಹ ಬೈದುಕೊಂಡು ತುಳಿದೆ. ಮಳವಳ್ಳಿಗೆ ಇನ್ನೆರಡು ಮೈಲಿ ಇರುವಾಗ ಅವಳನ್ನು ಹಿಡಿದೆ.

ಹಿಡಿದವಳನ್ನು ಮಾತಾಡಿಸುತ್ತಾಳೆ, ಸರದಿ ಹಂಚಿಕೊಳ್ಳುತ್ತಾಳೆ, ಕನಿಷ್ಠ ಪಾಪ ಅನ್ನುತ್ತಾಳೆ ಎಂದುಕೊಂಡೆ. ಅವಳು ಪಕ್ಕಕ್ಕೆ ಸರಿದು, ನನ್ನನ್ನು ಮುಂದೆ ಬಿಟ್ಟು, ನನ್ನ ಚಕ್ರದ ಹಿಂದೆ ಗಾಳಿಯ ಮರೆಯಲ್ಲಿ ಕೂತಳು. ಮೊಣಕೈ ಆಡಿಸಿ ಮುಂದೆ ಬಾ ಎಂದೆ.

'ನೀವೇ ಎಳೀರಿ ಅಕ್ಕ, ನಂಗೇನ್ ಅವಸ್ರ?' ಎಂದಳು.

ನಿಧಾನ ಮಾಡಿದರೆ ಹಿಂದಿನ ಐವರು ಬರುತ್ತಾರೆ. ಎರಡು ಮೈಲಿ ನಾನೇ ಗಾಳಿ ತಿಂದೆ. ಕೊನೆಯ ತಿರುವಿನಲ್ಲಿ ಅವಳು ಎಡಗಡೆಯಿಂದ ಎದ್ದು ಬಂದಳು. ನನ್ನಲ್ಲಿ ಉಳಿದದ್ದನ್ನೆಲ್ಲ ಸುರಿದೆ. ಅರ್ಧ ಚಕ್ರದಲ್ಲಿ ಅವಳು ಗೆದ್ದಳು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ನಮ್ಮೂರಿನವರು ಟೆಂಪೋ ತುಂಬಿಕೊಂಡು ಮಳವಳ್ಳಿಗೆ ಬಂದಿಳಿದರು. ದೊಡ್ಡಪ್ಪನ ಮುಖ ಕಪ್ಪಿಟ್ಟಿತ್ತು, ತಾನು ಮಾಡಿದ್ದು ಏನೆಂದು ಅಷ್ಟರಲ್ಲಿ ಯಾರೋ ಬಿಡಿಸಿ ಹೇಳಿದ್ದರು. ಕಾರ್ಯದರ್ಶಿ ಅದಾಗಲೇ ಒಂದು ತಕರಾರು ಅರ್ಜಿ ಬರೆದು ಸಿದ್ಧಮಾಡಿಕೊಂಡಿದ್ದರು.

'ಜನ ಅಡ್ಡ ಬಂದದ್ದು ನಿಜ. ನೀವು ಸಹಿ ಹಾಕಿದ್ರೆ ಸಮಿತಿ ಫಲಿತಾಂಶ ರದ್ದು ಮಾಡುತ್ತೆ, ಜಾಗ ನಿಮಗೇ. ಕ್ಯಾನ್ಸರ್ ಗೆದ್ದವರು ತಂಡದಲ್ಲಿದ್ದರೆ ಪೇಪರ್‌ನಲ್ಲೂ ಚೆನ್ನಾಗಿ ಬರುತ್ತೆ' ಎಂದರು.

'ಸೈನ್ ಆಕವ್ವ' ಎಂದರು ದೊಡ್ಡಪ್ಪ. 'ನಮ್ಮಿಂದ ಕೆಟ್ಟದ್ದು, ಇದಾದ್ರೂ ಸರಿ ಓಗ್ಲಿ.'

ಗುಂಪಿನಲ್ಲಿ ಒಬ್ಬ, 'ಕಾಯ್ಲೆ ಬಿದ್ದೆದ್ದೋಳು ನಿಂತವ್ಳೆ, ಆ ಕೇರಿ ಹುಡ್ಗಿ ನುಗ್ಗೋಯ್ತಾಳೆ ಅಂದ್ರೆ ಎಷ್ಟು ಪೊಗರು ಇರ್ಬೇಕು' ಎಂದ. ಅವನ ಕಡೆ ತಿರುಗಿ, ಇನ್ನೊಂದು ಸಲ ಆ ಮಾತು ಆಡಿದರೆ ಸೈಕಲ್ ಪಂಪಿನಲ್ಲಿ ಹಲ್ಲುದುರಿಸುತ್ತೇನೆ ಎಂದೆ. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ಆದರೆ ಸುಳ್ಳು ಹೇಳುವುದಿಲ್ಲ, ಅರ್ಜಿಯ ಮೇಲೆ ನನಗೂ ಆಸೆ ಇತ್ತು. ನ್ಯಾಯವಾಗಿ ನೋಡಿದರೆ ಊರು ನಿಲ್ಲಿಸದಿದ್ದರೆ ನಾನು ಗೆಲ್ಲುತ್ತಿದ್ದೆ. ಸಹಿ ಹಾಕಿದರೆ ಮತ್ತೆ ಬೆಳಗಿನ ರಸ್ತೆ, ಇಲ್ಲದಿದ್ದರೆ ಫ್ಯಾನಿನ ಕೆಳಗಿನ ಮೇಜು. ಪೆನ್ನು ಕೈಯಲ್ಲಿತ್ತು. ಒಂದು ನಿಮಿಷ ಬರುತ್ತೇನೆಂದು ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ.

ಸವಿತ ಮೈದಾನದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಯಾರೂ ಅವಳಿಗೆ ಶಹಬ್ಬಾಸ್ ಹೇಳಿರಲಿಲ್ಲ. ಪಕ್ಕದಲ್ಲಿ ಅವಳ ತಂದೆ ಟವೆಲು ಹಿಡಿದು ನಿಂತಿದ್ದರು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ನೌಕರರು, ರಜ ಹಾಕಿ ಬಂದಿದ್ದರು. ನನ್ನನ್ನೂ, ನನ್ನ ಹಿಂದೆಯೇ ಬಂದ ಊರವರ ಗುಂಪನ್ನೂ ನೋಡಿ ಕೈ ಮುಗಿದರು.

'ತಪ್ಪಾಯ್ತು ಕಣಮ್ಮ, ಮಗು, ಗೊತ್ತಾಗ್ದೆ...'

'ಏನ್ ತಪ್ಪು ಮಾಡ್ದೆ ನಾನು?' ಎಂದು ಸವಿತ ಮುಖದ ನೀರು ಒರೆಸಿಕೊಳ್ಳದೆ ತಿರುಗಿದಳು. 'ಸೈಕಲ್ ತುಳೀರಿ ಅಂದ್ರು, ತುಳ್ದೆ.'

'ಎಲ್ಲರೂ ನಿಂತರಲ್ಲ, ನೀನ್ಯಾಕೆ ನಿಲ್ಲಲಿಲ್ಲ?' ಎಂದು ಕೇಳಿದೆ.

'ಅವ್ರ್ ನಿಂತಿದ್ದು ಅವ್ರಿಷ್ಟ. ನೀವು ನನ್ ಜಾಗದಲ್ಲಿದ್ರೆ ನಿಲ್ತಿದ್ರಾ?'

ನಿಲ್ಲುತ್ತಿರಲಿಲ್ಲ. ಕಾಯಿಲೆಗೆ ಮುಂಚೆ ನಾಲ್ಕು ಸಲ ಚಾಂಪಿಯನ್ ಆದವಳು ಹಾಗೆಲ್ಲ ನಿಂತು ಆದವಳಲ್ಲ. ಆದರೂ ನನ್ನ ಬಾಯಿಂದ ಒಂದು ಕೆಟ್ಟ ಪ್ರಶ್ನೆ ಬಂತು. ಯಾವ ಮಾತಿಗೆ ಎರಡು ವರ್ಷದಿಂದ ಸಿಡುಕುತ್ತಿದ್ದೆನೋ ಅದನ್ನೇ ನಾನೂ ಆಡಿದೆ.

'ನನಗೆ ಕಾಯಿಲೆ ಆಗಿತ್ತು ಅಂತ ನಿನಗೆ ಗೊತ್ತಿರಲಿಲ್ವಾ?'

'ಗೊತ್ತಿತ್ತು ಕಣಕ್ಕ, ಎಲ್ರಿಗೂ ಗೊತ್ತು' ಎಂದಳು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ, ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದಳು. 'ವಾಸಿ ಆಯ್ತಲ್ಲ?'

ಅವಳ ಮುಂದೆ ಅಳಬಾರದೆಂದು ನಲ್ಲಿಗೆ ಬಗ್ಗಿ ನಾನೂ ಮುಖ ತೊಳೆದುಕೊಂಡೆ. ಎರಡು ವರ್ಷದಲ್ಲಿ ನೋಡಲು ಬಂದವರು, ಹಾರ ಹಾಕಿದವರು, ದಾರಿ ಬಿಟ್ಟವರು, ಯಾರೊಬ್ಬರ ಬಾಯಲ್ಲೂ ಆ ಮಾತು ಬಂದಿರಲಿಲ್ಲ.

'ಆಯ್ತು ಕಣೇ, ವಾಸಿ ಆಯ್ತು' ಎಂದೆ.

ಕಾರ್ಯದರ್ಶಿ ಅರ್ಜಿ ಹಿಡಿದು ಅಲ್ಲಿಗೇ ಬಂದಿದ್ದರು. ಆ ಸಹಿ ಬೀಳಲಿಲ್ಲ, ಮುಂದೆಂದೂ ನನಗೆ ತಂಡದಲ್ಲಿ ಜಾಗವೂ ಸಿಗಲಿಲ್ಲ. ನಾನು ಪೆನ್ನನ್ನು ಅವರ ಜೇಬಿಗೆ ಸಿಕ್ಕಿಸಿದೆ.

'ನಾನು ಸೋತಿದ್ದೀನಿ ಸಾರ್. ಈ ಹುಡುಗಿ ಕೈಲಿ ಸರಿಯಾಗೇ ಸೋತಿದ್ದೀನಿ. ಹಾಗೇ ಬರ್ಕೊಳ್ಳಿ.'